ಬಾಡಿಗೆಯವರನ್ನು ಹೇಗೆ ಬಿಡಿಸಿದಿರಿ ಎಂದು ಕೇಳುವವರಿಗೆ

ಕಾರವಾರದ ಪೇಟೆಯಲ್ಲಿ ಪರಿಚಯದವರು ಎದುರಾದರೆ ಮೊದಲು ನನ್ನ ಮೊಣಕಾಲು ನೋವನ್ನು ವಿಚಾರಿಸುತ್ತಾರೆ, ಆ ಶಿಷ್ಟಾಚಾರ ಮುಗಿದ ಕೂಡಲೇ ಧ್ವನಿ ತಗ್ಗಿಸಿ, "ಅಕ್ಕೋರೆ, ಆ ಬಾಡಿಗೆಯವನನ್ನು ಅಂತೂ ಹೇಗೆ ಬಿಡಿಸಿದಿರಿ?" ಎಂದು ಕೇಳುತ್ತಾರೆ. ಮೊಣಕಾಲಿನ ಬಗ್ಗೆ ನಾನು ಈಗಲೂ ಸಮಾಧಾನದಿಂದಲೇ ಉತ್ತರಿಸುತ್ತೇನೆ. ಎರಡನೆಯದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ಸೋತಿದೆಯಾದ್ದರಿಂದ ಬರೆದೇ ಇಡುತ್ತಿದ್ದೇನೆ; ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಪುರುಸೊತ್ತಿಲ್ಲದವರು ಇಷ್ಟು ಓದಿಕೊಂಡರೆ ಸಾಕು: ವಕೀಲರ ಮೂಲಕ ನೋಟಿಸು ಕಳಿಸಿದೆ, ಎದುರು ಕುಳಿತು ಲೆಕ್ಕ ಮಾಡಿದೆ, ಡಿಪಾಸಿಟ್‌ನಲ್ಲಿ ಉಳಿದ ಹಣವನ್ನು ಅವರ ಖಾತೆಗೆ ಹಾಕಿದೆ, ಅವರು ಕೀಲಿಕೈ ಕೊಟ್ಟು ಹೋದರು.

ಈ ಉತ್ತರ ಯಾರಿಗೂ ರುಚಿಸುವುದಿಲ್ಲ. ಕೇಳುವವರಿಗೆ ಬೇಕಾಗಿರುವುದು ಒಂದು ಜಗಳ, ಅದರಲ್ಲಿ ಪೊಲೀಸರು, ಸಾಧ್ಯವಾದರೆ ರಸ್ತೆಗೆ ಬಿದ್ದ ಪಾತ್ರೆಪಗಡೆಗಳು. ಹಬ್ಬುವಾಡದ ಕಡೆಯ ಒಂದು ಮದುವೆಯ ಊಟದಲ್ಲಿ ನನ್ನ ಎದುರಿನ ಸಾಲಿಗೆ ಕುಳಿತಿದ್ದ, ಮೂರು ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಹಿರಿಯರೊಬ್ಬರು ಎಲ್ಲರಿಗೂ ಕೇಳಿಸುವಂತೆ, "ಒಬ್ಬರೇ ಇರುವ ಹೆಂಗಸರು ನೀವು, ನಿಮ್ಮ ಮಾತಿಗೆ ಅವನು ಹೋದನೆಂದರೆ ನಂಬಲಿಕ್ಕಾಗುವುದಿಲ್ಲ, ಹಿಂದೆ ಯಾರದೋ ಕೈ ಇರಲೇಬೇಕು" ಎಂದರು. ಶಾಲೆಯಲ್ಲಿ ಇಷ್ಟು ವರ್ಷ ಕಳೆದವಳಿಗೆ ತರಗತಿಯ ಗದ್ದಲವನ್ನು ನಿಲ್ಲಿಸಲು ಯಾರ ಕೈಯೂ ಬೇಕಾಗಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಅಷ್ಟರಲ್ಲಿ ಸಾಲಿನವರೆಲ್ಲ ತಮ್ಮ ತಮ್ಮ ಉಪಾಯಗಳನ್ನು ಹೇಳತೊಡಗಿದರು. ಬಾವಿಯ ಪಂಪಿನ ಫ್ಯೂಸು ಕಿತ್ತಿಡಬೇಕೆಂದು ಒಬ್ಬರು, ಅವರು ಊರಿಗೆ ಹೋದಾಗ ಬೀಗದ ಮೇಲೊಂದು ಬೀಗ ಜಡಿಯಬೇಕೆಂದು ಇನ್ನೊಬ್ಬರು. ಮೂರನೆಯವರದು ಎಲ್ಲಕ್ಕಿಂತ ನಯವಾದ ಉಪಾಯ: ಮೇ ತಿಂಗಳ ಕೊನೆಯಲ್ಲಿ ಒಡೆದ ಹಂಚು ಬದಲಿಸುವ ನೆಪದಿಂದ ಮಾಡಿನ ಹಂಚುಗಳನ್ನೆಲ್ಲ ಇಳಿಸಿ, ಆಳುಗಳು ಸಿಗುತ್ತಿಲ್ಲವೆಂದು ಹೇಳಿ, ಮಳೆಗಾಗಿ ಕಾಯುತ್ತ ಕೂರುವುದು. ಕೋಕಂ ಕಡಿ ಬಡಿಸುತ್ತಿದ್ದ ಹುಡುಗ ಕೂಡ ಕೊಳಗ ಹಿಡಿದು ನಿಂತುಬಿಟ್ಟ. ಪಾಪ, ಅವನೂ ಬಾಡಿಗೆ ಮನೆಯವನೇ ಇದ್ದಿರಬೇಕು.

ಊಟದ ಎಲೆಯ ಮುಂದೆ ಕಾನೂನು ಹೇಳುವುದು ಸಭ್ಯತೆಯಲ್ಲವೆಂದು ಅಂದು ಸುಮ್ಮನಿದ್ದೆ, ಇಲ್ಲಿ ಹೇಳುತ್ತೇನೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ, ಕಾನೂನಿನ ದಾರಿ ಬಿಟ್ಟು ಯಾರನ್ನಾದರೂ ಅವರ ಒಪ್ಪಿಗೆಯಿಲ್ಲದೆ ಸ್ಥಿರಾಸ್ತಿಯಿಂದ ಹೊರಹಾಕಿದರೆ, ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮತ್ತು ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಂದರೆ ಬೀಗದ ಮೇಲೆ ಬೀಗ ಹಾಕಿದವರು ಕೋರ್ಟಿನ ಆದೇಶದಂತೆ ತಮ್ಮ ಕೈಯಾರೆ ಆ ಬೀಗ ತೆಗೆದು, ಅದೇ ಬಾಡಿಗೆಯವನನ್ನು ಒಳಗೆ ಕರೆದುಕೊಳ್ಳಬೇಕಾದ ಪ್ರಸಂಗ ಬರಬಹುದು. ಹಂಚು ಇಳಿಸಿದವರಿಗಂತೂ ಮಾಡಿನ ಕೆಳಗಿನ ಪಕಾಸಿಗಳು ಮಳೆಯಲ್ಲಿ ನೆನೆದು ಕೊಳೆಯುವ ನಷ್ಟವೂ ಜೊತೆಗೆ.

ಇಷ್ಟಾದರೂ ಇವರಿಗೆಲ್ಲ ಬಾಡಿಗೆಯವರ ಬಗ್ಗೆ ಇಂಥ ಹೆದರಿಕೆ ಏಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಈ ಹೆದರಿಕೆ ಗದ್ದೆಯಿಂದ ಮನೆಗೆ ಬಂದದ್ದು. ಗೇಣಿಯ ವಿರುದ್ಧ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷರ ಕಾಲದಲ್ಲಿ ದಿನಕರ ದೇಸಾಯಿಯವರು ಜಿಲ್ಲೆಯಿಂದಲೇ ಗಡಿಪಾರಾಗಬೇಕಾಯಿತು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ, ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರು ಭೂ ನ್ಯಾಯಮಂಡಳಿಯ ಮೂಲಕ ಉಳುವ ಭೂಮಿಯ ಒಡೆಯರಾದರು. ಅದು ನ್ಯಾಯವೇ ಆಗಿತ್ತೆಂದು ನಾನು ನಂಬುತ್ತೇನೆ. ನಮ್ಮ ಅಜ್ಜಿಯ ಕಡೆಯ ಗದ್ದೆಯೂ ಹಾಗೆಯೇ ಹೋಯಿತು, ಅದನ್ನು ಮೂರು ತಲೆಮಾರು ಉತ್ತವರಿಗೇ ಹೋಯಿತು. ಆದರೆ ಗದ್ದೆ ಕಳೆದುಕೊಂಡ ಮನೆಗಳಲ್ಲಿ ಮಕ್ಕಳಿಗೆ ಹೇಳಿದ ಬುದ್ಧಿಮಾತು ಒಂದೇ: ಯಾರನ್ನೂ ಬಹಳ ದಿನ ಇರಗೊಡಬೇಡಿ, ಹನ್ನೆರಡು ವರ್ಷ ಇದ್ದವನದೇ ಮನೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, ಬಾಡಿಗೆಯವರು ಮನೆಯ ವಿದ್ಯುತ್ ಮೀಟರಿನ ಆರ್‌ಆರ್ ನಂಬರಿಗೆ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದೆಂದಾಗ, ಇಷ್ಟಕ್ಕೇ ಮನೆ ಹೋಗುತ್ತದೆಂದು ಗಾಬರಿಯಾಗಿ ನನಗೆ ಫೋನು ಮಾಡಿದವರಿದ್ದಾರೆ.

ಮೀಟರಿಗೆ ಆಧಾರ್ ಜೋಡಿಸಿದ ಮಾತ್ರಕ್ಕೆ ಮನೆ ಯಾರದೂ ಆಗುವುದಿಲ್ಲ. ಬಾಡಿಗೆಯವನು ನಮ್ಮ ಅನುಮತಿಯಿಂದ ಒಳಗಿರುವವನು. ಅನುಮತಿಯಿಂದ ಇದ್ದವನು ಎಷ್ಟು ವರ್ಷ ಇದ್ದರೂ ಆ ಬಲದಿಂದಲೇ ಒಡೆಯನಾಗಲಾರ. ಕರಾರನ್ನು ಕೊನೆಗೊಳಿಸಿ, ಆಮೇಲೆ ಹನ್ನೆರಡು ವರ್ಷ ದಾವೆಯನ್ನೂ ಹೂಡದೆ ಕೂತವರ ಮಾತು ಬೇರೆ. ಅಂಥವರಿಗೆ ನನ್ನ ಲೇಖನದಿಂದ ಉಪಯೋಗವಾಗುವ ಸಂಭವ ಕಡಿಮೆ. ಹನ್ನೊಂದು ತಿಂಗಳ ಕರಾರಿನ ಮರ್ಮವೂ ಹನ್ನೆರಡು ವರ್ಷದ ಈ ಕಥೆಗೆ ಸಂಬಂಧಿಸಿದ್ದಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಆ ಖರ್ಚು ತಪ್ಪಿಸಲು ಹನ್ನೊಂದು, ಅಷ್ಟೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಮ್ಮನ್ನು ಕಟ್ಟಿಹಾಕಿದೆ ಎನ್ನುವವರು ಆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗೇ ಇಟ್ಟಿದೆ ಎಂಬುದನ್ನು ಓದಿರುವುದಿಲ್ಲ. ಇಂದಿನ ಕಾರವಾರದ ಹೆಚ್ಚಿನ ಮನೆಗಳಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯ ಮನೆಗೆ ಬೇರೆ ಕರಾರಿಲ್ಲದಿದ್ದರೆ ಅದರ 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸು ಸಾಕು. ನೋಟಿಸಿಗೂ ಜಗ್ಗದಿದ್ದರೆ ಸಿವಿಲ್ ಕೋರ್ಟಿನ ದಾರಿ, ಮತ್ತು ಆ ದಾರಿ ಉದ್ದವಾದದ್ದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಎಲ್ಲರೂ ಕೇಳುವ ಆ ಬಾಡಿಗೆಯವನ ವಿಷಯ. ನಂದನಗದ್ದಾದಲ್ಲಿರುವ ನಮ್ಮ ಮನೆಯ ಹಿಂಭಾಗದ ಬಿಡಾರಕ್ಕೆ ಬಂದದ್ದು ಘಟ್ಟದ ಮೇಲಿನ ಒಂದು ಕುಟುಂಬ. ಯಜಮಾನ ಅರಗಾದ ನೌಕಾನೆಲೆಯ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರ ಬಳಿ ಮೇಲ್ವಿಚಾರಕ. ಮೊದಲು ಬಾಡಿಗೆ ಸರಿಯಾಗಿಯೇ ಬರುತ್ತಿತ್ತು. ಚೌತಿ ಕಳೆದ ಮೇಲೆ ನಿಂತಿತು. "ಬಿಲ್ಲು ಪಾಸಾಗಿಲ್ಲ ಅಕ್ಕೋರೆ" ಎಂಬುದು ಮೊದಲ ತಿಂಗಳ ಉತ್ತರ. ಎರಡನೆಯ ತಿಂಗಳಲ್ಲಿ ಫೋನು ಎತ್ತುವುದೇ ನಿಂತಿತು. ನಡುವೆ ಹೆಂಡತಿಯ ತಮ್ಮ, ಅವನ ಸಂಸಾರ, ಒಂದು ಗ್ರೈಂಡರು, ಇವೆಲ್ಲ ನನ್ನನ್ನು ಕೇಳದೆ ಒಳಗೆ ಬಂದವು. ಹೆಸ್ಕಾಂ ಬಿಲ್ಲು ಏರಿತು, ಮತ್ತು ಬಿಲ್ಲು ನನ್ನ ಹೆಸರಿನಲ್ಲಿ ಬರುವುದರಿಂದ ಬಾಕಿಯೂ ನನ್ನದೇ ಎನಿಸಿಕೊಂಡಿತು. ಕೊನೆಗೊಂದು ದಿನ ಗೇಟಿನ ಬಳಿ ತಡೆದು ಕೇಳಿದಾಗ ಅವನು ತೀರ ಶಾಂತವಾಗಿ, "ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ, ಮಾರ್ಚಿಗೆ ಇಲ್ಲಿಯ ಕೆಲಸ ಮುಗಿಯುತ್ತದೆ, ಅಲ್ಲಿಯವರೆಗೆ ಅದು ಸಾಕಾಗುತ್ತದೆ" ಎಂದ.

ನನಗೆ ಸಿಟ್ಟು ಬಂತು. ಅಂದೇ ವಕೀಲರ ಕಚೇರಿಗೆ ಹೋದೆ. ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು, ಸಹಿಯಾದ ಸ್ವೀಕೃತಿ ಚೀಟಿಯೂ ಬಂತು. ಅದಾದ ಮೇಲೆ ಒಂದು ಭಾನುವಾರ ಅವನನ್ನೂ ಅವನ ಹೆಂಡತಿಯನ್ನೂ ನಮ್ಮ ಜಗಲಿಗೆ ಕರೆದು ಕೂರಿಸಿ, ಬೇರೆಯವರ ಹಣವನ್ನು ಬಾಡಿಗೆಯಾಗಿ ಎಣಿಸಿಕೊಳ್ಳುವ ಅಭ್ಯಾಸ ನನಗಿಲ್ಲವೆಂದು ಹೇಳಿದೆ. ಅವನಿಗೆ ಮಾತು ಅರ್ಥವಾಗಲಿಲ್ಲ. ಅವನ ಹೆಂಡತಿಗೆ ಅರ್ಥವಾಯಿತು. ಹಿಂದಿನ ಊರಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆ, ನಲ್ಲಿಗೆ, ಮೊಳೆ ಹೊಡೆದ ತೂತಿಗೆ ಎಂದೆಲ್ಲ ಲೆಕ್ಕ ಹಾಕಿ ಅವರ ಡಿಪಾಸಿಟ್‌ನಲ್ಲಿ ಒಂದು ರೂಪಾಯಿಯನ್ನೂ ಮಾಲೀಕರು ವಾಪಸು ಕೊಟ್ಟಿರಲಿಲ್ಲವೆಂದೂ, ಬಾಡಿಗೆ ನಿಲ್ಲಿಸುವುದೊಂದೇ ತಮ್ಮ ಹಣವನ್ನು ಪಡೆಯುವ ದಾರಿಯೆಂದು ಯಾರೋ ಬುದ್ಧಿ ಹೇಳಿದ್ದರೆಂದೂ ಆಕೆ ಹೇಳಿದಳು. ಬಿಲ್ಲು ಪಾಸಾಗಿಲ್ಲವೆಂಬುದು ಸುಳ್ಳು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು, ಅದನ್ನು ನಾನು ಅವನಿಗೆ ಹೇಳಿಯೂ ಹೇಳಿದೆ. ಕರುಣೆಯಿಂದ ಕರಗಿ ಕಾಫಿ ಕೊಟ್ಟೆನೆಂದು ಯಾರೂ ತಿಳಿಯಬೇಕಾಗಿಲ್ಲ. ಆಮೇಲೆ ಒಳಗಿನಿಂದ ಪಾಸ್‌ಬುಕ್ ತಂದು ತೋರಿಸಿದೆ. ಅವನು ಕೊಟ್ಟ ಡಿಪಾಸಿಟ್ ಹಣ, ಕೊಟ್ಟ ತಾರೀಖಿನಿಂದ ಒಂದೇ ಖಾತೆಯಲ್ಲಿ, ಯಾರೂ ಮುಟ್ಟದೆ ಇತ್ತು. ಈ ತಿಂಗಳ ಕೊನೆಗೆ ಮನೆ ಬಿಟ್ಟರೆ ಬಾಕಿ ಕಳೆದು ಉಳಿದದ್ದು ಕೀಲಿಕೈ ಕೊಡುವ ಗಳಿಗೆಯಲ್ಲೇ ನಿನ್ನ ಖಾತೆಗೆ ಬರುತ್ತದೆ, ಬಿಡದಿದ್ದರೆ ಅದೇ ಹಣ ಒಂದೊಂದು ತಿಂಗಳು ಕರಗುತ್ತ ಹೋಗಿ ಆಮೇಲೆ ದಾವೆ, ಎಂದೆ. ಅವನು ಪಾಸ್‌ಬುಕ್ಕಿನ ಹಾಳೆಯನ್ನು ಎರಡು ಸಲ ತಿರುವಿ ನೋಡಿದ. ಮಾರ್ಚಿನವರೆಗೆ ಕಾಯಬೇಕಾಗಲಿಲ್ಲ.

ಪಂಕ್ತಿಯಲ್ಲಿದ್ದವರು ನಂಬದೆ ಹೋದದ್ದು ಇದನ್ನೇ, ಮತ್ತು ನಂಬದಿರಲು ಅವರಿಗೆ ಕಾರಣವಿದೆ. ಕಾರವಾರಕ್ಕೆ ಬಾಡಿಗೆಗೆ ಬರುವವರು ಯಾರು? ಜಿಲ್ಲಾ ಕೇಂದ್ರದ ಕಚೇರಿಗಳಿಗೆ ವರ್ಗವಾಗಿ ಬಂದ ನೌಕರರು, ಬ್ಯಾಂಕಿನವರು, ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ನೌಕಾನೆಲೆಯ ಗುತ್ತಿಗೆ ಕೆಲಸದವರು. ಬರುವಾಗಲೇ ಹೋಗುವ ಯೋಚನೆ ಇಟ್ಟುಕೊಂಡು ಬಂದ ಇವರಲ್ಲಿ ಯಾರಿಗೂ ನಮ್ಮ ಮಾಡಿನ ಕೆಳಗೆ ಹನ್ನೆರಡು ವರ್ಷ ಕೂರುವ ಆಸೆಯಿಲ್ಲ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಹೋಗುವುದರ ಬಗ್ಗೆ ಅಲ್ಲ, ಹೋಗುವಾಗಿನ ಹಣದ ಬಗ್ಗೆ. ಆದ್ದರಿಂದ ನನ್ನನ್ನು ಕೇಳಬೇಕಾಗಿದ್ದ, ಇದುವರೆಗೆ ಒಬ್ಬರೂ ಕೇಳದ ಪ್ರಶ್ನೆ ಇದು: ಬಾಡಿಗೆಯವರ ಡಿಪಾಸಿಟ್ ಈಗ ಎಲ್ಲಿದೆ? ನಾನು ಅದನ್ನು ಆ ಹಿರಿಯರಿಗೆ ತಿರುಗಿ ಕೇಳಿದೆ. ಮಗನ ಕಾರಿನ ಮುಂಗಡಕ್ಕೆ ಹೋಯಿತಂತೆ. ಹೊಸ ಬಾಡಿಗೆಯವರು ಬಂದು ಅವರ ಡಿಪಾಸಿಟ್ ಕೊಟ್ಟ ಮೇಲೆ ಹಳಬರದನ್ನು ಕೊಡುವುದೇ ಎಲ್ಲ ಕಡೆಯ ಪದ್ಧತಿಯಂತೆ. ಹಾಗಾದರೆ ಮನೆ ಒಂದು ತಿಂಗಳು ಖಾಲಿ ಬಿದ್ದಾಗ ಹಳಬರು ಯಾರ ಬಾಗಿಲಿಗೆ ಹೋಗಬೇಕು ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಅವರು ಪಾಯಸ ಕೇಳಿದರು.

ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಪಡೆಯಬಾರದೆಂದು ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿದ ಮೇಲಷ್ಟೇ ಕಾನೂನು. ಆದರೂ ಅದರ ತರ್ಕ ನನಗೆ ಒಪ್ಪಿಗೆಯಾಗಿದೆ. ದೊಡ್ಡ ಡಿಪಾಸಿಟ್ ಮಾಲೀಕರಿಗೆ ಖರ್ಚು ಮಾಡುವ ಆಸೆಯನ್ನೂ ಬಾಡಿಗೆಯವರಿಗೆ ಕಳೆದುಕೊಳ್ಳುವ ಭಯವನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ಇದೆಲ್ಲದರ ಬದಲು ನಮ್ಮವರು ಬಾಡಿಗೆಗೆ ಕೊಡುವಾಗ ಶ್ರದ್ಧೆಯಿಂದ ವಿಚಾರಿಸುವುದು ಜಾತಿಯನ್ನು ಮತ್ತು ಅಡುಗೆಯನ್ನು. ಬೈತಖೋಲದ ಬಂದರಿನಿಂದ ಗಾಳಿ ಬೀಸಿದರೆ ಅರ್ಧ ಊರಿಗೇ ಮೀನಿನ ವಾಸನೆ ಬರುವ ಪಟ್ಟಣದಲ್ಲಿ ಗೇಟಿನ ಮೇಲೆ "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಫಲಕ ಹಾಕಿಕೊಂಡವರಿದ್ದಾರೆ. ಬಾಡಿಗೆ ತಪ್ಪಿಸಿದವರಲ್ಲಿ ಬಂಗಡೆ ತಿನ್ನುವವರೂ ಇದ್ದರು, ಬೆಳ್ಳುಳ್ಳಿ ಮುಟ್ಟದವರೂ ಇದ್ದರು. ನಾನು ವಿಚಾರಿಸುವುದು ಹಿಂದಿನ ಮನೆಯ ಮಾಲೀಕರ ಫೋನ್ ನಂಬರನ್ನು, ಮತ್ತು ಆ ಮನೆಯ ಡಿಪಾಸಿಟ್ ವಾಪಸು ಬಂದಿದೆಯೇ ಎಂಬುದನ್ನು. ಬಂದಿಲ್ಲವೆಂದರೆ ಪಾಸ್‌ಬುಕ್ ಮೊದಲ ದಿನವೇ ತೋರಿಸಿಬಿಡುತ್ತೇನೆ.

ಲೆಕ್ಕದಲ್ಲಿ ಏನೇನು ಮುರಿಯಬಹುದು ಎಂಬುದನ್ನೂ ಹೇಳಿ ಮುಗಿಸುತ್ತೇನೆ, ಏಕೆಂದರೆ ಡಿಪಾಸಿಟ್ ಕರಗುವುದು ಇಲ್ಲಿಯೇ. ಸಹಜವಾದ ಸವೆತವನ್ನು ಬಿಟ್ಟು ಉಳಿದಂತೆ ಮನೆಯನ್ನು ಇದ್ದ ಸ್ಥಿತಿಯಲ್ಲಿ ಒಪ್ಪಿಸುವುದು ಬಾಡಿಗೆಯವರ ಹೊಣೆಯೆಂದು 1882ರ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದರೂ ಮಾಡಿಸದಿದ್ದರೆ, ಬಾಡಿಗೆಯವರೇ ಮಾಡಿಸಿಕೊಂಡು ಆ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಬಹುದೆಂದೂ ಅದೇ ಕಲಮು ಹೇಳುತ್ತದೆ. ಸೋರುವ ಮಾಡನ್ನು ಜೂನ್ ಬಂದರೂ ನೋಡದವರು ಈ ಎರಡನೆಯ ಮಾತನ್ನು ದೊಡ್ಡದಾಗಿ ಓದಿಕೊಳ್ಳುವುದು ಒಳ್ಳೆಯದು. ಮನೆ ಬಿಡುವವರಿಂದ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿಯನ್ನು ನಾನು ಪಾಲಿಸುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ, ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುವ ಊರಿನಲ್ಲಿ, ಗೋಡೆಯ ಬೂಷ್ಟು ಯಾರ ಸಂಸಾರದ ತಪ್ಪೂ ಅಲ್ಲ. ಆ ಮೇಲ್ವಿಚಾರಕನ ಲೆಕ್ಕದಲ್ಲಿ ನಾನು ಮುರಿದದ್ದು ಬಾಕಿ ಬಾಡಿಗೆ, ಹೆಸ್ಕಾಂ ಬಿಲ್ಲು, ಗ್ರೈಂಡರು ಬಿದ್ದು ಒಡೆದ ಅಡುಗೆಮನೆಯ ಕಡಪಾ ಕಲ್ಲು, ವಕೀಲರ ಫೀಸು. ಫೀಸಿನ ಬಗ್ಗೆ ಅವನು ತಕರಾರು ಮಾಡಿದ. ಅರ್ಧ ಬಿಟ್ಟುಕೊಟ್ಟೆ.