ಅಕ್ಕ, ಒಂದಿನ ಮಾತ್ರೆ ಬಿಟ್ರೆ ಸಾಕಲ್ವಾ?

ಸೋಮವಾರ ರಾತ್ರಿ ಮೆಡಿಕಲ್ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಹುಡುಗ ಬಂದ. ಮೊದಲು ಓಆರ್‌ಎಸ್ ಕೇಳಿದ. ಆಮೇಲೆ ವಿಕ್ಸ್ ಕೇಳಿದ. ಪಕ್ಕದಲ್ಲಿದ್ದ ಹೆಂಗಸು ಚಿಲ್ಲರೆ ತಗೊಂಡು ಹೊರಡುವವರೆಗೂ ಕಾದು, ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟ. ಇಟ್ಟರೂ ಅಂಗೈ ಅದರ ಮೇಲೇ ಇತ್ತು.

"ಅಕ್ಕ, ಶನಿವಾರ ತಂಗಿ ಬೀಗರೂಟ. ಅವತ್ತು ಒಂದಿನ ಈ ಮಾತ್ರೆ ಬಿಟ್ರೆ ಸಾಕಲ್ವಾ?"

ಮಂಡ್ಯ ಸೀಮೆಯಲ್ಲಿ ಬೀಗರೂಟ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಶಾಮಿಯಾನದ ಕೆಳಗೆ ಮುದ್ದೆ, ಮಟನ್ ಸಾರು. ಹಿಂದೆ ತೆಂಗಿನ ತೋಟದಲ್ಲಿ, ಕಾರಿನ ಡಿಕ್ಕಿ ತೆರೆದು ಇನ್ನೊಂದು ವ್ಯವಸ್ಥೆ. ಅವನು ಎಣ್ಣೆ ಅನ್ನೋ ಮಾತು ಬಾಯಲ್ಲಿ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ.

ಸ್ಟ್ರಿಪ್ ತಿರುಗಿಸಿ ನೋಡಿದೆ. ಎಸ್ಸಿಟಾಲೋಪ್ರಾಮ್ 10 ಎಂಜಿ, ಕ್ಲೋನಾಜೆಪಾಮ್ 0.5 ಎಂಜಿ, ಎರಡೂ ಸೇರಿದ ಒಂದೇ ಮಾತ್ರೆ. ಮೊದಲನೆಯದು ಖಿನ್ನತೆಗೆ, ಆತಂಕಕ್ಕೆ ಕೊಡೋದು. ಎರಡನೆಯದು ತಳಮಳ ಇಳಿಸಿ ನಿದ್ದೆ ತರಿಸೋದು. ಒಳಗೆ ಎರಡು ಔಷಧ ಇದೆ ಅಂತಲೇ ಹುಡುಗನಿಗೆ ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ಸ್ಟ್ರಿಪ್ ಮೇಲಿರೋದೆಲ್ಲ ಇಂಗ್ಲಿಷ್, ಅದೂ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರ.

ಕೂತ್ಕೋ ಅಂತ ಸ್ಟೂಲ್ ತೋರಿಸಿದೆ. ಒಂದಿನ ಬಿಟ್ಟರೆ ಮಾತ್ರೆ ಮೈಯಿಂದ ಹೋಗಿಬಿಡೋದಿಲ್ಲ ಕಣಪ್ಪ ಅಂದೆ. ಎಸ್ಸಿಟಾಲೋಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 30 ಗಂಟೆ ಬೇಕು. ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ. ಶುಕ್ರವಾರ ರಾತ್ರಿ ನುಂಗಿದ್ದು ಶನಿವಾರ ಸಂಜೆ ಗ್ಲಾಸ್ ಹಿಡಿಯೋ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಒಳಗೇ ಇರುತ್ತೆ. ಅದರ ಮೇಲೆ ಎಣ್ಣೆ ಬಿದ್ದರೆ ಎರಡು ಪೆಗ್ ನಾಲ್ಕರ ಹಾಗೆ ಏರುತ್ತೆ. ಕ್ಲೋನಾಜೆಪಾಮೂ ಮೆದುಳನ್ನ ಮಂದ ಮಾಡುತ್ತೆ, ಮದ್ಯವೂ ಮಂದ ಮಾಡುತ್ತೆ. ಎರಡೂ ಸೇರಿದರೆ ಉಸಿರೇ ನಿಧಾನ ಆಗಬಹುದು, ಮಲಗಿದಲ್ಲೇ ವಾಂತಿಯಾದರೆ ಎಚ್ಚರವಾಗದೆ ಹೋಗಬಹುದು. ಬೀಗರೂಟ ಮುಗಿಸಿ ಬೈಕ್‌ನಲ್ಲೇ ಅಲ್ವಾ ಮನೆಗೆ ಬರೋದು? ನಮ್ಮೂರಿನ ಗಂಡಸರು ಯಾರು ಅವತ್ತು ನಡೆದು ಬರ್ತಾರೆ?

ಇದನ್ನೆಲ್ಲ ಹೇಳ್ತಿರುವಾಗಲೇ ಊರಿನ ಹಿರಿಯರೊಬ್ಬರು ಬಿಪಿ ಮಾತ್ರೆಗೆ ಬಂದರು. ಹುಡುಗ ತಟ್ಟನೆ ಸ್ಟ್ರಿಪ್ ಮುಚ್ಚಿಟ್ಟ. ಅವರು ಅಷ್ಟರಲ್ಲಿ ನೋಡಿಯಾಗಿತ್ತು.

"ಇಂಥಾ ಮಾತ್ರೆಗಿಂತ ಎರಡು ಪೆಗ್ ವಾಸಿ ಕಣ್ಲಾ. ಮನ್ಸು ಹಗುರ ಆಯ್ತದೆ."

ಅವರು ಕೆಟ್ಟವರಲ್ಲ. ಯಾರಿಗೆ ಹುಷಾರಿಲ್ಲ ಅಂದರೂ ನಡುರಾತ್ರಿ ಜೀಪ್ ತೆಗೆಯೋ ಮನುಷ್ಯ. ಆದರೆ ಆ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಹುಡುಗ ತಲೆ ಎತ್ತಲೇ ಇಲ್ಲ. ಓಆರ್‌ಎಸ್ ಪ್ಯಾಕೆಟ್‌ನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ.

ಹಗುರ ಆಗೋದು ನಿಜ, ಒಂದೆರಡು ಗಂಟೆ. ನಿದ್ದೆ ಕೆಡುತ್ತೆ, ಬೆಳಗಿನ ಜಾವ ಎಚ್ಚರ ಆಗುತ್ತೆ, ಆಗ ಮನಸ್ಸು ಮೊದಲಿಗಿಂತ ಕೆಳಗಿರುತ್ತೆ. ಈ ಮಾತ್ರೆಗಳು ಕೆಲಸ ಶುರು ಮಾಡೋಕೇ ಎರಡರಿಂದ ನಾಲ್ಕು ವಾರ ಹಿಡಿಯುತ್ತೆ, ಪೂರ್ತಿ ಗುಣ ಕಾಣೋಕೆ ಇನ್ನೂ ಜಾಸ್ತಿ. ನಡುವೆ ವಾರಕ್ಕೊಂದು ಸಲ ಕುಡಿದು, ಕುಡಿದ ದಿನ ಮಾತ್ರೆ ಬಿಟ್ಟು, ಕೊನೆಗೆ "ಈ ಮಾತ್ರೆ ನಂಗೆ ಹಿಡೀಲಿಲ್ಲ" ಅಂತ ನಿಲ್ಲಿಸಿದವರನ್ನ ಎಷ್ಟೋ ಜನರನ್ನ ಈ ಕೌಂಟರ್‌ನಲ್ಲಿ ನೋಡಿದ್ದೇನೆ. ದಿಢೀರನೆ ನಿಲ್ಲಿಸಿದವರಿಗೆ ತಲೆ ಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕಾಯಿಲೆ ವಾಪಸ್ ಬಂತು ಅಂತ ಮನೆಯವರು ಹೆದರ್ತಾರೆ. ಇನ್ನು ಭಾನುವಾರ ಬೆಳಿಗ್ಗೆ ಮೈಕೈ ನೋವು ಅಂತ ಡೈಕ್ಲೋಫೆನಾಕ್ ಕೇಳಿಕೊಂಡು ಬರೋರು ಬೇರೆ. ಎಸ್ಸಿಟಾಲೋಪ್ರಾಮ್ ತಗೊಳೋರಿಗೆ ಆ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತಸ್ರಾವ ಆಗೋ ಅಪಾಯ ಹೆಚ್ಚು. ಹಿಂದಿನ ರಾತ್ರಿಯ ಎಣ್ಣೆ ಅದನ್ನ ಇನ್ನಷ್ಟು ಹೆಚ್ಚಿಸುತ್ತೆ.

ಹಿರಿಯರು ಹೋದ ಮೇಲೆ ಹುಡುಗ ಹೇಳಿದ್ದು ಬೇರೆಯೇ.

"ನಂಗೆ ಕುಡಿಯೋ ಆಸೆ ಏನಿಲ್ಲ ಅಕ್ಕ. ಬೇಡ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂತ ಗೊತ್ತಾದ್ರೆ, ಹುಡುಗಿ ಅಣ್ಣಂಗೆ ತಲೆ ಸರಿ ಇಲ್ಲ ಅಂತ ಬೀಗರ ಮನೇಲಿ ತಂಗಿಗೆ ಮಾತು ಬರುತ್ತೆ."

ಈ ಮಾತು ಅಲ್ಲಿಂದೀಚೆಗೆ ನನ್ನನ್ನ ಬಿಟ್ಟಿಲ್ಲ. ಅವನು ಕೇಳಿದ್ದು ಮಾತ್ರೆಯ ಲೆಕ್ಕ. ಬೇಕಾಗಿದ್ದದ್ದು ಗ್ಲಾಸ್ ಬೇಡ ಅನ್ನೋಕೆ ಒಂದು ಕಾರಣ. ಶಬರಿಮಲೆಗೆ ಮಾಲೆ ಹಾಕಿದವನ ಮುಂದೆ ನಮ್ಮೂರಲ್ಲಿ ಯಾರೂ ಗ್ಲಾಸ್ ಹಿಡಿಯಲ್ಲ. ಕಾಮಾಲೆ ಆಗಿದೆ ಅಂದರೆ "ಅಯ್ಯೋ, ಮುಟ್ಟಬೇಡ ಮಾರಾಯ" ಅಂತ ತಾವೇ ಕಸಿದುಕೊಳ್ತಾರೆ. ಮನಸ್ಸಿಗೆ ಮಾತ್ರೆ ತಗೊಳ್ತಿದ್ದೀನಿ ಅಂದರೆ ಮಾತ್ರ "ಒಂದು ಹಾಕು, ಸರಿ ಹೋಗುತ್ತೆ" ಅನ್ನೋದು ಯಾಕೆ? ಲಿವರ್‌ಗೆ ಕೊಡೋ ಮರ್ಯಾದೆ ಮನಸ್ಸಿಗೆ ಯಾಕಿಲ್ಲ?

ಡಾಕ್ಟರ್ ಹತ್ರ ಕೇಳಿದ್ಯಾ ಅಂದೆ. ಪಕ್ಕದಲ್ಲಿ ಅಮ್ಮ ಕೂತಿದ್ದರಂತೆ. ಕುಡಿತೀಯಾ ಅಂತ ಡಾಕ್ಟರ್ ಕೇಳಿದ್ದಕ್ಕೆ ಇಲ್ಲ ಅಂದನಂತೆ. ಅಮ್ಮನ ಮುಂದೆ ಯಾವ ಮಗ ಹೌದು ಅಂತಾನೆ ಹೇಳಿ? ಎರಡು ನಿಮಿಷ ಅಮ್ಮನನ್ನ ಹೊರಗೆ ಕೂರಿಸಿ ಕೇಳಿದ್ದರೆ ನಿಜ ಬರ್ತಿತ್ತು. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರೆ, ಒಬ್ಬನೇ ಹೋಗಿ ಪೂರ್ತಿ ಹೇಳು ಅಂದೆ. ಹೋಗೋಕಾಗದಿದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು ಅಂತ ನಂಬರ್ ಬರೆದುಕೊಟ್ಟೆ. ಶನಿವಾರಕ್ಕೆ ಮಾತ್ರ ಸೀದಾ ಹೇಳಿದೆ: ಮಾತ್ರೆ ಬಿಡಬೇಡ, ಗ್ಲಾಸ್ ಮುಟ್ಟಬೇಡ. ಯಾರಾದರೂ ಕೇಳಿದರೆ ಮಾತ್ರೆ ನಡೀತಿದೆ, ಡಾಕ್ಟರ್ ಬೇಡ ಅಂದವ್ರೆ ಅನ್ನು. ಯಾವ ಮಾತ್ರೆ ಅಂತ ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಇದನ್ನ ಓದಿ ಯಾರಾದರೂ ಮನೆಯಲ್ಲಿ ದಿನಾ ಕುಡಿಯೋರ ಬಾಟ್ಲಿ ಇವತ್ತೇ ಕಿತ್ತು ಬಿಸಾಕೋದು ಬೇಡ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅದನ್ನ ಡಾಕ್ಟರ್ ಕಣ್ಗಾವಲಲ್ಲೇ ಬಿಡಿಸಬೇಕು.

ಹುಡುಗನ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಇವತ್ತು ಶುಕ್ರವಾರ. ಬೆಳಿಗ್ಗೆ ಆ ಹಿರಿಯರು ಮತ್ತೆ ಬಂದಿದ್ದರು. ಅವತ್ತು ಆಡಿದ ಮಾತು ಸರಿಯಲ್ಲ ಗೌಡ್ರೇ, ಆ ವಯಸ್ಸಿನ ಹುಡುಗನಿಗೆ ಅದು ಹೋಗಿ ತಾಗುತ್ತೆ ಅಂತ ಮುಖಕ್ಕೇ ಹೇಳಿದೆ. ಮಾತ್ರೆಯ ಮೇಲೆ ಎಣ್ಣೆ ಬಿದ್ದರೆ ಏನಾಗುತ್ತೆ ಅಂತಲೂ ಹೇಳಿದೆ. ಸಿಟ್ಟಾಗ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ತಮ್ಮ ಬಿಪಿ ಮಾತ್ರೆಯ ಕವರ್ ನೋಡಿದರು.

"ಹಂಗಾದ್ರೆ ಇದ್ರ ಜೊತೆಗೂ ಆಗಾಕಿಲ್ವಾ ಕಣವ್ವ?"

ಅವರನ್ನೂ ಕೂರಿಸಿಕೊಂಡು ಹೇಳಿದೆ. ಎಷ್ಟು ವರ್ಷದಿಂದ ಎರಡೂ ಜೊತೆಗೆ ನಡೀತಿದೆ ಅಂತ ಕೇಳಿದೆ. ಯಾವ ಡಾಕ್ಟರಿಗೂ ಹೇಳಿಲ್ಲವಂತೆ. ಮುಂದಿನ ವಾರ ಬಿಪಿ ನೋಡಿಸಿಕೊಳ್ಳೋಕೆ ಹೋದಾಗ ಹೇಳ್ತೀನಿ ಅಂದಿದ್ದಾರೆ.