ಟಾಟಾ ಇನ್‌ಸ್ಟಿಟ್ಯೂಟಿನ ಅಮೀಬಾ

ತುಮಕೂರಿನಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದಾಗ ಒಂಬತ್ತೂವರೆ. ಜೊತೆಗೆ ಅಕ್ಕನ ಮಗಳು, ಒಂಬತ್ತನೇ ಕ್ಲಾಸು. ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಜನರಿಗೆ ಬಾಗಿಲು ತೆರೆಯುವ ಓಪನ್ ಡೇಗೆ ಹೊರಟಿದ್ದೆವು. ಹೆಸರು ಹೇಳಿದರೆ ಆಟೋದವರಿಗೆ ಹೊಳೆಯಲಿಲ್ಲ. "ಟಾಟಾ ಇನ್‌ಸ್ಟಿಟ್ಯೂಟ್" ಅಂದೆ. "ಹಾಗನ್ನಿ ಮತ್ತೆ, ಹತ್ತಿ!"

ಒಳಗೆ ಜಾತ್ರೆ. ರೋಬೋಗಳ ಹತ್ತಿರ ಕಾಲಿಡಲು ಜಾಗವಿಲ್ಲ. ಕ್ಯೂ ಸಣ್ಣದಿದೆ ಅನ್ನೋ ಒಂದೇ ಕಾರಣಕ್ಕೆ ಜೀವಶಾಸ್ತ್ರದ ಕಡೆ ಹೋದೆವು.

ಮೇಜಿನ ಮೇಲೊಂದು ಅಗರ್ ತಟ್ಟೆ, ಅಂದರೆ ಸೂಕ್ಷ್ಮಜೀವಿ ಬೆಳೆಸೋ ಜೆಲ್ಲಿ ಹಾಕಿದ ತಟ್ಟೆ. ತೆಳುವಾಗಿ ಗಂಜಿ ಸವರಿದ ಹಾಗೆ ಬ್ಯಾಕ್ಟೀರಿಯಾ, ನಡುನಡುವೆ ಬೋಳು ಬೋಳು ಮಚ್ಚೆ. ಅಲ್ಲೆಲ್ಲ ಡಿಕ್ಟಿಯೊಸ್ಟೀಲಿಯಂ ಅನ್ನೋ ಮಣ್ಣಿನ ಅಮೀಬಾ ಮೇಯ್ದು ಮುಗಿಸಿದೆ. ಈ ಜೀವಿಯನ್ನು 1935ರಲ್ಲಿ ಅಮೆರಿಕದ ಕೆನೆತ್ ರೇಪರ್ ವಿವರಿಸಿದ್ದರು. ಇದೇ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಮೊದಲು ಕಂಡಿದ್ದು ನನ್ನದೇ ರೆಪ್ಪೆಗೂದಲು. ಆಮೇಲೆ ಅಂಚು ಸರಿಯಿಲ್ಲದ ಚುಕ್ಕೆಗಳು. ಒಂದೂ ಕದಲುತ್ತಿಲ್ಲ.

"ನಿಮಿಷಕ್ಕೆ ಸುಮಾರು 10 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ನೂರರಲ್ಲೊಂದು ಭಾಗ ಚಲಿಸುತ್ತೆ ಅಷ್ಟೇ ಸರ್," ಅಂದ ಮೇಜಿನ ಹತ್ತಿರ ವಿವರಿಸುತ್ತಿದ್ದ ಹುಡುಗ, ವೇಗ ಹೆಚ್ಚಿಸಿದ ವಿಡಿಯೊ ಹಾಕಿದ.

"ಕಣ್ಣಿಲ್ಲ, ಮೂಗಿಲ್ಲ. ಊಟ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?" ಇವಳ ಪ್ರಶ್ನೆ.

ಬ್ಯಾಕ್ಟೀರಿಯಾ ಇರುವ ಕಡೆಯಿಂದ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಸೋರುತ್ತೆ. ಅಮೀಬಾದ ಮೈಮೇಲಿನ ಪ್ರೋಟೀನು ಅದನ್ನು ಹಿಡಿಯುತ್ತೆ. ಯಾವ ಮಗ್ಗುಲಿಗೆ ಜಾಸ್ತಿ ತಾಗಿತೋ ಆ ಕಡೆಗೆ ಮೈ ಚಾಚುತ್ತೆ.

"ಮಾಮ, ಸ್ಕೂಲಲ್ಲಿ ವಾರಕ್ಕೊಂದು ಕೊಡೋ ನೀಲಿ ಮಾತ್ರೆಲೂ ಅದೇ ಇರೋದು!"

ಹೌದಲ್ವಾ. ಬಹಳಷ್ಟು ಬ್ಯಾಕ್ಟೀರಿಯಾ ಅದನ್ನು ತಾವೇ ಮಾಡಿಕೊಳ್ಳುತ್ತವೆ, ನಮ್ಮ ಮೈಗೆ ಬರಲ್ಲ.

ಬ್ಯಾಕ್ಟೀರಿಯಾ ಖಾಲಿಯಾದ ಮೇಲಿನ ಕತೆ ಇನ್ನೂ ಮಜಾ. ಹಸಿದ ಅಮೀಬಾಗಳು ಸೈಕ್ಲಿಕ್ ಎಎಂಪಿ ಅನ್ನೋ ಬೇರೆ ರಾಸಾಯನಿಕ ಬಿಟ್ಟು ಒಂದನ್ನೊಂದು ಕರೆಯುತ್ತವೆ. ಸುಮಾರು ಆರು ನಿಮಿಷಕ್ಕೊಂದು ಅಲೆ. ಒಂದು ಲಕ್ಷದವರೆಗೂ ಸೇರಿ, ಹುಳದಂತೆ ತೆವಳಿ, ಕೊನೆಗೆ ಕಾಂಡದ ಮೇಲೆ ಬೀಜಕದ ಗುಂಡು ಹೊತ್ತು ನಿಲ್ಲುತ್ತವೆ. ಐದರಲ್ಲಿ ಒಂದರಷ್ಟು ಕಾಂಡವಾಗಿ ಸಾಯುತ್ತವಂತೆ. ಅದನ್ನು ಕೇಳಿ ಇವಳು "ಅಯ್ಯೋ ಪಾಪ" ಅಂದಿದ್ದು ಪಕ್ಕದ ಮೇಜಿನವರಿಗೂ ಕೇಳಿಸಿತು.

ಮರದಡಿ ಕೂತು ಚಿತ್ರಾನ್ನ ತಿಂದೆವು. ನಾನು ಕೈತೊಳೆದು ಬರುವಷ್ಟರಲ್ಲಿ ಖಾಲಿ ಡಬ್ಬಿಯೊಳಗೆ ಒದ್ದೆ ತರಗೆಲೆ, ಒಂದು ಹಿಡಿ ಮಣ್ಣು.

"ಅಮ್ಮಂಗೆ ಹೇಳ್ಬೇಡ ಮಾಮ."

ಹೇಳಲಿಲ್ಲ. ಆದರೆ ಆ ಡಬ್ಬಿ ಅಕ್ಕನದು.