ಮಗು ಕಿವಿ ಮುಚ್ಚಿಕೊಂಡರೆ

ಸಿನಿಮಾ ನೋಡುವಾಗ ಮಗುವಿಗೆ ಭಯವಾಗಿದೆ ಅನ್ನುವುದನ್ನು ಅಳುವ ಮೊದಲೇ ಅದರ ಮೈ ಹೇಳಿಬಿಡುತ್ತದೆ. ಕಾಲು ಮಡಚಿ ಮುದುಡಿ ಕೂರುತ್ತದೆ, ಅಂಗಿಯ ತುದಿ ಬಾಯಿಗೆ ಹೋಗುತ್ತದೆ, ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿ ಮುಚ್ಚಿಕೊಳ್ಳುತ್ತದೆ. ಭಯ ಹುಟ್ಟಿಸುವುದರಲ್ಲಿ ಹಿನ್ನೆಲೆ ಸಂಗೀತದ ಪಾಲು ಅಷ್ಟು ದೊಡ್ಡದು. ಹಾಗಾಗಿ ಮೊದಲು ಸೌಂಡ್ ತಗ್ಗಿಸಿ, ಲೈಟ್ ಹಾಕಿ. ಆಗಲೂ ಮೈ ಸಡಿಲವಾಗದಿದ್ದರೆ ನಿಲ್ಲಿಸಿಬಿಡಿ.

'ಅದೆಲ್ಲ ಸುಳ್ಳು ಕಣೋ' ಅಂದರೆ 3-4 ವರ್ಷದವರಿಗೆ ತಲುಪುವುದಿಲ್ಲ. ಆ ವಯಸ್ಸಿಗೆ ಕಣ್ಣಿಗೆ ಕಂಡದ್ದೇ ನಿಜ. ಅವರಿಗೆ ಬೇಕಾದ್ದು ಮಡಿಲು, ಒಂದು ಗುಟುಕು ನೀರು. 7-8 ದಾಟಿದವರಿಗಾದರೆ ಮೇಕಪ್ಪು, ಗ್ರಾಫಿಕ್ಸ್ ಅಂತ ಬಿಡಿಸಿ ಹೇಳಬಹುದು.

ಇನ್ನೊಂದು, ಪುಟ್ಟ ಮಕ್ಕಳಿಗೆ ರಾಕ್ಷಸ ಒಬ್ಬನೇ ಅಲ್ಲ, ಅಮ್ಮ ಕಳೆದುಹೋಗುವ ದೃಶ್ಯವೂ ತಡೆಯಲಾಗದ್ದು. ಮಕ್ಕಳ ಸಿನಿಮಾಗಳಲ್ಲೇ ಇದು ಬೇಕಾದಷ್ಟಿದೆ, ಮೊದಲು ನೀವೊಮ್ಮೆ ನೋಡಿಡಿ. ಮಲಗುವ ಹೊತ್ತಿಗೆ ಬೇಡವೇ ಬೇಡ. ಅರ್ಧಕ್ಕೆ ನಿಲ್ಲಿಸಿದರೆ ಕೊನೆಗೆ ಅಮ್ಮ ಸಿಕ್ಕಳು ಅನ್ನುವುದನ್ನಾದರೂ ಹೇಳಿ, ಇಲ್ಲದಿದ್ದರೆ ಉಳಿದ ಕತೆಯನ್ನು ಮಗು ಕತ್ತಲಲ್ಲಿ ತಾನೊಂದೇ ಕಟ್ಟಿಕೊಳ್ಳುತ್ತದೆ.